ಹಿಟ್ಟು ಕದ್ದವರ ಬೇಸಿಗೆ

ಪರದೆಯ ಮೇಲೆ ಒಂದು ಕೈ ಬಂತು. ಬರೀ ಕೈ; ಅದಕ್ಕೆ ಮೈಯೂ ಇಲ್ಲ, ಮುಖವೂ ಇಲ್ಲ. ಬೀಗಕ್ಕೆ ಕೀಲಿ ಹಾಕಿ ತಿರುಗಿಸಿ ಮಾಯವಾಯಿತು. ಇನ್ನೊಂದು ಕೈ ಬಂದು ಪೆನ್ನಿನ ಮುಚ್ಚಳ ತೆಗೆಯಿತು. ಮತ್ತೊಂದು ನೀರಿನ ಲೋಟ ಎತ್ತಿತು. ನನ್ನ ತಲೆಗೆ ವೈರುಗಳ ಟೊಪ್ಪಿಗೆ ಹಾಕಿ ಕೂರಿಸಿದ್ದ ಎಳೆಯ ಡಾಕ್ಟರಮ್ಮ, "ಏನೂ ಮಾಡಬೇಡಿ ಸರ್, ಸುಮ್ಮನೆ ನೋಡ್ತಾ ಇರಿ" ಎಂದಿದ್ದರು. ಬೇರೆಯವರ ಕೈಯನ್ನು ಸುಮ್ಮನೆ ನೋಡುವುದು ನನಗೆ ಒಂದು ಕಾಲದಲ್ಲಿ ಎಂಥ ಕಷ್ಟದ ಕೆಲಸವಾಗಿತ್ತೆಂದು ಪಾಪ ಅವರಿಗೇನು ಗೊತ್ತು.

ಇದು ಎರಡು ಸಾವಿರದ ಆರನೆಯೋ ಏಳನೆಯೋ ಇಸವಿಯ ಮಾತು. ವರ್ಷಕ್ಕೊಮ್ಮೆ ಬೆಂಗಳೂರಿನ ಆಸ್ಪತ್ರೆಯೊಂದಕ್ಕೆ ತೋರಿಸಿಕೊಳ್ಳಲು ಹೋಗುತ್ತಿದ್ದೆ. ಆ ಸಲ, "ನಮ್ಮದೊಂದು ಪರೀಕ್ಷೆಗೆ ಕೂರ್ತೀರಾ?" ಎಂದು ಕೇಳಿದ್ದರು, ಒಪ್ಪಿದ್ದೆ. ಮಾಸ್ತರನಾದವನಿಗೆ ತಾನೇ ಪರೀಕ್ಷೆಗೆ ಕೂರುವುದೆಂದರೆ ಒಂಥರಾ ಖುಷಿ. ಡಾಕ್ಟರಮ್ಮ ವಿವರಿಸಿಯೂ ಹೇಳಿದರು. ಒಬ್ಬರು ಕೈಯಾರೆ ಮಾಡುವ ಕೆಲಸವನ್ನು ಇನ್ನೊಬ್ಬರು ನೋಡುತ್ತ ಕೂತರೂ ಸಾಕಂತೆ, ನೋಡುವವರ ಮೆದುಳಿನ ಒಂದಿಷ್ಟು ಭಾಗ ತಾನೇ ಆ ಕೆಲಸ ಮಾಡುತ್ತಿರುವ ಹಾಗೆ ಎಚ್ಚರವಾಗುತ್ತದಂತೆ. ಎದುರಿನವರ ಮನಸ್ಸಿನಲ್ಲಿ ಏನಿದೆಯೆಂದು ನಮಗೆ ತಿಳಿಯುವುದರಲ್ಲಿ ಅದರ ಪಾಲೂ ಇರಬಹುದು ಎಂದು ಕೆಲವರು ಹೇಳುತ್ತಾರಂತೆ. "ಸ್ಕಿಜೋಫ್ರೇನಿಯಾ ಇರೋರಲ್ಲಿ ಅದು ಹೇಗಿರುತ್ತೆ ಅಂತ ನೋಡ್ತಿದೀವಿ ಸರ್" ಎಂದರು.

ಅರ್ಧ ಗಂಟೆಯ ನಂತರ ಟೊಪ್ಪಿಗೆ ತೆಗೆಯುತ್ತ, "ಏನನ್ನಿಸ್ತು ಸರ್?" ಎಂದು ಕೇಳಿದರು.

"ಇಷ್ಟೊಂದು ಕೈಗಳಲ್ಲಿ ಒಂದಾದರೂ ಹಿಟ್ಟು ಕದಿಯುತ್ತೇನೋ ಅಂತ ಕಾದೆ ಮೇಡಂ. ಕದಿಯಲೇ ಇಲ್ಲ."

ಅವರ ಹುಬ್ಬು ಮೇಲೇರಿತು. ರೋಗ ಮರುಕಳಿಸಿತೋ ಎಂಬ ಗಾಬರಿ ಅದು ಎಂದು ನನಗೆ ತಕ್ಷಣ ಗೊತ್ತಾಯಿತು. ಗೊತ್ತಾಯಿತಲ್ಲ ಎಂದು ಒಳಗೊಳಗೇ ನಕ್ಕೆ. ಅವರಿಗೆ ಪೂರ್ತಿ ಕತೆ ಹೇಳೋಣವೆಂದರೆ ಹೊರಗೆ ಇನ್ನೂ ಐದಾರು ಜನ ಕಾಯುತ್ತಿದ್ದರು. ಹಾಗಾಗಿ ಈಗ ಬರೆಯುತ್ತಿದ್ದೇನೆ.

ತೊಂಬತ್ತೇಳನೇ ಇಸವಿ. ನನಗೆ ಇಪ್ಪತ್ತಾರು ವರ್ಷ. ಯಲ್ಲಾಪುರ ತಾಲೂಕಿನ ಒಂದು ಹಳ್ಳಿ ಶಾಲೆಯಲ್ಲಿ ಮಾಸ್ತರಿಕೆ ಸಿಕ್ಕಿ ಎರಡು ವರ್ಷವಾಗಿತ್ತು. ಪೇಟೆಯಲ್ಲಿ ಹೆದ್ದಾರಿಗೆ ಮುಖ ಮಾಡಿದ ಒಂದು ಕೋಣೆ ಬಾಡಿಗೆಗೆ ಹಿಡಿದಿದ್ದೆ. ಕಿಟಕಿ ತೆಗೆದರೆ ಮರದ ನಾಟಾ ಹೇರಿಕೊಂಡು ಹೋಗುವ ಲಾರಿಗಳು. ಲಾರಿ ಹಿಂದೆ ಸರಿಯುವಾಗ ಕ್ಲೀನರು ಕೈ ಹೊರಗೆ ಹಾಕಿ ಬಾಗಿಲ ತಗಡಿಗೆ ಪಟಪಟ ಬಡಿಯುತ್ತಾನಲ್ಲ, ಎಲ್ಲರಿಗೂ ಗೊತ್ತಿರುವ ಸನ್ನೆ. ಅದು ಡ್ರೈವರನಿಗಲ್ಲ, ನನಗೆ ಎಂದು ಅನ್ನಿಸತೊಡಗಿದ್ದು ಆ ವರ್ಷದ ಸಂಕ್ರಾಂತಿಯ ಸುಮಾರಿಗೆ. ಎರಡು ಸಲ ಬಡಿದರೆ ಒಂದು ಅರ್ಥ, ಮೂರು ಸಲ ಬಡಿದರೆ ಇನ್ನೊಂದು. ಆಮೇಲೆ ಚಹಾದಂಗಡಿಯವನು ಹೆಗಲ ಟವೆಲ್ ಕೊಡವಿದರೂ ಅರ್ಥ, ಶಾಲೆಯಲ್ಲಿ ಸಹಶಿಕ್ಷಕರು ಗಡಿಯಾರದ ಪಟ್ಟಿ ಸರಿ ಮಾಡಿಕೊಂಡರೂ ಅರ್ಥ. ಊರಿನ ಕೈಗಳೆಲ್ಲ ಸೇರಿ ನನ್ನ ಬಗ್ಗೆ ಮಾತಾಡುತ್ತಿದ್ದವು, ನನಗೊಬ್ಬನಿಗೆ ಆ ಭಾಷೆ ಪೂರ್ತಿ ತಿಳಿಯುತ್ತಿರಲಿಲ್ಲ. ನಿದ್ದೆ ಹೋಯಿತು, ಊಟ ಹೋಯಿತು.

ಫೆಬ್ರವರಿಯಲ್ಲಿ ಆಗಬಾರದ್ದು ಆಯಿತು. ಎರಡನೇ ಇಯತ್ತೆಯ ಮಕ್ಕಳಿಗೆ ಮಗ್ಗಿ ಹೇಳಿಸುತ್ತಿದ್ದೆ. ಹಿಂದಿನ ಸಾಲಿನಲ್ಲಿ ಒಂದು ಕಿರುಬೆರಳು ಎದ್ದಿತು. ಚಿಕ್ಕ ಮಕ್ಕಳು ಒಂದಕ್ಕೆ ಹೋಗಬೇಕಾದರೆ ಕಿರುಬೆರಳು ಎತ್ತುತ್ತಾರೆ, ನಾನೂ ಎತ್ತಿದವನೇ. ಆ ಬೆರಳನ್ನು ನೋಡಿ ಕಿಟಕಿ ಪಕ್ಕದವನು ಎತ್ತಿದ, ಅವನನ್ನು ನೋಡಿ ಇನ್ನಿಬ್ಬರು. ನಾಲ್ಕು ಕಿರುಬೆರಳುಗಳು ನನ್ನ ಕಡೆ. ಮಕ್ಕಳನ್ನೂ ಸೇರಿಸಿಕೊಂಡಿದ್ದಾರೆ ಎಂದುಕೊಂಡೆ. "ಯಾರು ಹೇಳಿಕೊಟ್ಟದ್ದು? ಕೈ ಇಳಿಸಿ! ಯಾರೂ ಅಲುಗಾಡಬಾರದು!" ಎಂದು ಕಿರುಚಿದೆ, ಬಾಗಿಲು ಹಾಕಿದೆ. ಮೂವರು ಇಳಿಸಿದರು. ಮೊದಲು ಎತ್ತಿದ ಹುಡುಗಿ, ಸುಮಿತ್ರಾ ಅಂತ ಅವಳ ಹೆಸರು, ಇಳಿಸಲಿಲ್ಲ. ಎತ್ತಿದ ಬೆರಳು ಎತ್ತಿದಂತೆಯೇ ಇತ್ತು, ಅವಳ ಕಣ್ಣಲ್ಲಿ ನೀರು, ಕಾಲ ಕೆಳಗೆ ಮಣೆಯಿಂದ ನೆಲಕ್ಕೆ ಹರಿದ ಒದ್ದೆ. ಪಕ್ಕದ ಕೋಣೆಯಿಂದ ಮುಖ್ಯ ಮಾಸ್ತರು ಓಡಿ ಬಂದು ಬಾಗಿಲು ನೂಕಿದರು.

ಆಮೇಲಿನದು ಬೇಗ ಬೇಗ ನಡೆಯಿತು. ಸಿದ್ದಾಪುರದ ಕೋಲಸಿರ್ಸಿಯಿಂದ ಅಕ್ಕ-ಭಾವ ಬಂದರು. ಭಾವ ನನ್ನನ್ನು ಹುಬ್ಬಳ್ಳಿಯ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಕಾಯಿಲೆಗೆ ಒಂದು ಹೆಸರು ಸಿಕ್ಕಿತು, ಗುಳಿಗೆ ಸಿಕ್ಕಿತು, ಮೇ ತಿಂಗಳ ಕೊನೆಯವರೆಗೆ ರಜೆ ಸಿಕ್ಕಿತು. ಅಕ್ಕ ನನ್ನನ್ನು ತನ್ನ ಮನೆಗೇ ಕರೆದುಕೊಂಡು ಹೋದಳು. ಊರವರಿಗೆ ಅಕ್ಕ, "ತಲೆಗೆ ಪಿತ್ತ ಏರಿದ್ದು" ಎಂದು ಹೇಳಿ ಮುಗಿಸಿದಳು. ಹದಿನೈದು ದಿನಕ್ಕೆ ತಲೆಯೊಳಗಿನ ಲಾರಿಗಳು ಬಾಯಿ ಮುಚ್ಚಿದವು. ಆದರೆ ನೋಟ ಮಾತ್ರ ಸರಿಯಾಗಿರಲಿಲ್ಲ. ಯಾರು ನಕ್ಕರೂ ಯಾಕೆ ನಕ್ಕರೆಂದು ತಿಳಿಯದು, ಯಾರು ಕೈ ಎತ್ತಿದರೂ ಹೊಡೆಯಲೋ ಕರೆಯಲೋ ಎಂದು ತಿಳಿಯದು. ಜೂನ್ ಒಂದಕ್ಕೆ ಶಾಲೆ ಶುರು. ಆ ಹುಡುಗಿಯ ಎದುರು ನಿಂತು, ಅವಳು ಬೆರಳೆತ್ತಿದರೆ ಅದು ಬರೀ ಬೆರಳು ಎಂದು ತಿಳಿಯಬಲ್ಲೆನೇ ಎಂಬುದೊಂದೇ ನನ್ನ ತಲೆಯಲ್ಲಿತ್ತು. ತಿಳಿಯಲಾರೆನಾದರೆ ನೌಕರಿ ಬಿಡುವುದೆಂದು ನಿಶ್ಚಯ ಮಾಡಿಕೊಂಡಿದ್ದೆ. ರಾಜೀನಾಮೆಯ ಕಾಗದವನ್ನೂ ಬರೆದು ಅಂಗಿಯ ಕಿಸೆಯಲ್ಲಿ ಇಟ್ಟುಕೊಂಡಿದ್ದೆ.

ಏಪ್ರಿಲ್ ಬಂತೆಂದರೆ ಅಕ್ಕನ ಊರಲ್ಲಿ ಹಲಸಿನ ಹಪ್ಪಳದ ಕಾಲ. ಒಬ್ಬರಿಂದ ಆಗುವ ಕೆಲಸವಲ್ಲ, ಅದಕ್ಕೇ ನಾಲ್ಕು ಮನೆಯ ಹೆಂಗಸರು ಮುಯ್ಯಿ ಹಾಕಿಕೊಂಡು ಇವತ್ತು ಇವರ ಮನೆ, ನಾಳೆ ಅವರ ಮನೆ ಎಂದು ಸುತ್ತು ಬರುತ್ತಾರೆ. ಬೆಳೆದ ಬಕ್ಕೆ ಹಲಸಿನ ಕಾಯಿ ಕೊಯ್ದು, ತೊಳೆ ಬಿಡಿಸಿ, ಬೇಯಿಸಿ, ಬಿಸಿಬಿಸಿ ಇರುವಾಗಲೇ ಉಪ್ಪು ಮೆಣಸು ಹಾಕಿ ಒರಳಲ್ಲಿ ಕುಟ್ಟಬೇಕು. ಹಿಟ್ಟು ಉಂಡೆಯಾಗಬೇಕು, ಉಂಡೆ ಎಣ್ಣೆ ಸವರಿದ ಎರಡು ಪ್ಲಾಸ್ಟಿಕ್ ಹಾಳೆಯ ನಡುವೆ ಮಣೆಯ ಕೆಳಗೆ ಸಿಕ್ಕಿ ಹಪ್ಪಳವಾಗಬೇಕು, ಹರಿಯದಂತೆ ಎಬ್ಬಿಸಿ ಚಾಪೆಗೆ ಹಾಕಬೇಕು. ಇಡೀ ಸೇನೆಗೆ ದಂಡನಾಯಕಿ ಅಕ್ಕನ ಅತ್ತೆ. ನಾನೂ ಅವರನ್ನು ಅತ್ತೆ ಎಂದೇ ಕರೆಯುತ್ತಿದ್ದೆ. ಎಪ್ಪತ್ತು ದಾಟಿದ, ಕಡ್ಡಿಯಂಥ, ಸೊಂಟದ ಮೇಲೆ ಕೈಯಿಟ್ಟರೆ ನಾಯಿಯೂ ಬಾಲ ಮಡಚುವಂಥ ಹೆಂಗಸು.

ಅಕ್ಕನಿಗೆ ನನ್ನನ್ನು ಒಳಗೆ ಒಬ್ಬನೇ ಬಿಡಲು ಮನಸ್ಸಿಲ್ಲ. "ತಮಾ, ಕತ್ತಲೆ ಕೋಣೆಲಿ ಕೂತು ಎಂತ ಮಾಡ್ತ್ಯ? ಬಾ, ಒಂದು ಮಣೆ ಒತ್ತಲೆ ಗಂಡಸಿನ ಕೈ ಬೇಕು" ಎಂದಳು. ಸುಳ್ಳು. ಅವಳ ಒಂದು ಕೈಯ ಬಲ ನನ್ನ ಎರಡರಲ್ಲೂ ಇರಲಿಲ್ಲ. ಗುಳಿಗೆಯಿಂದ ಕೈ ಬೇರೆ ನಡುಗುತ್ತಿತ್ತು. ಆದರೂ ಹೋಗಿ ಕುಳಿತೆ. ಪಕ್ಕದ ಮನೆಯ ಲಲಿತಕ್ಕ ಉಂಡೆ ಇಡುವವಳು, ನಾನು ಒತ್ತುವವನು, ಅಕ್ಕ ಎಬ್ಬಿಸುವವಳು. ಅತ್ತೆ ಆಚೆ ಒರಳಿನ ಹತ್ತಿರ, ನಮ್ಮ ಕಡೆ ಬೆನ್ನು ಹಾಕಿ. ಇನ್ನಿಬ್ಬರು ತೊಳೆ ಬಿಡಿಸುತ್ತ ಮೂಲೆಯಲ್ಲಿ.

ಈಗ ಯೋಚಿಸಿದರೆ ಆ ಕೆಲಸವೇ ಒಂದು ಚಿಕಿತ್ಸೆ ಅನ್ನಿಸುತ್ತದೆ. ಆಗ ಅನ್ನಿಸಿರಲಿಲ್ಲ, ಸೊಂಟ ನೋಯುತ್ತಿತ್ತು ಅಷ್ಟೆ. ಲಲಿತಕ್ಕನ ಕೈ ಹಿಂದೆ ಸರಿಯಿತೆಂದರೆ ನನ್ನ ಕೈ ಮುಂದೆ ಹೋಗಬೇಕು. ನಾನು ಮಣೆ ಎತ್ತಿದೆನೆಂದರೆ ಅಕ್ಕನ ಬೆರಳು ಹಾಳೆಯ ತುದಿಗೆ ಬರುತ್ತದೆ. ಮಾತಿಲ್ಲ. ಒಬ್ಬರ ಕೈ ನೋಡಿಯೇ ಇನ್ನೊಬ್ಬರ ಕೈ ಏಳಬೇಕು. ಮೊದಲ ದಿನ ಲಲಿತಕ್ಕನ ಬೆರಳನ್ನೇ ಎರಡು ಸಲ ಹಪ್ಪಳ ಮಾಡಲು ಹೋಗಿದ್ದೆ. ನಾಲ್ಕನೇ ದಿನಕ್ಕೆ ತಪ್ಪು ಕಡಿಮೆಯಾಯಿತು, ಮಣೆಯ ಭಾರಕ್ಕೆ ಕೈ ನಡುಕವೂ ಅಡಗುತ್ತಿತ್ತು.

ಆದರೆ ಐದನೇ ದಿನ ನಾನು ಒಂದು ವಿಷಯ ಕಂಡುಹಿಡಿದೆ. ಅತ್ತೆ ಒರಳಿನ ಕಡೆ ಬಗ್ಗಿದ ಕೂಡಲೇ ಲಲಿತಕ್ಕ ಅಕ್ಕನ ಕಡೆ ನೋಡುತ್ತಾಳೆ. ಅಕ್ಕ ಕಣ್ಣು ಮಿಟುಕಿಸುತ್ತಾಳೆ. ಲಲಿತಕ್ಕನ ಕೈ ಸೆರಗಿನೊಳಗೆ ಹೋಗಿ ಬರುತ್ತದೆ. ಮೂಲೆಯಲ್ಲಿದ್ದವರ ತುಟಿ ಬಿಗಿಯುತ್ತದೆ. ಅತ್ತೆ ತಿರುಗಿದರೆ ಎಲ್ಲರೂ ದೇವರಂತೆ ಕೂತಿರುತ್ತಾರೆ. ಒಂದು ಸಲವಲ್ಲ, ಎರಡು ಸಲವಲ್ಲ. ಫೆಬ್ರವರಿಯದೇ ಮತ್ತೆ ಶುರುವಾಯಿತು. ಲಾರಿಯವರು ಹೋಗಲಿ, ಅಕ್ಕನೇ ಸೇರಿಕೊಂಡಿದ್ದಾಳೆ! ಏನೋ ಬೆರೆಸುತ್ತಿದ್ದಾರೆ, ನನಗೇ ತಿನ್ನಿಸಲು ಬೆರೆಸುತ್ತಿದ್ದಾರೆ. ಆ ರಾತ್ರಿ ಉಣ್ಣಲಿಲ್ಲ. ಮರುದಿನ ಬೆಳಿಗ್ಗೆ ಗುಳಿಗೆಯನ್ನೂ ನುಂಗಿದಂತೆ ಮಾಡಿ ಉಗುಳಿದೆ.

ಅದೇ ಮಧ್ಯಾಹ್ನ ಮತ್ತೆ ಕಣ್ಣು ಮಿಟುಕಿತು, ಮತ್ತೆ ಕೈ ಸೆರಗಿಗೆ ಹೋಯಿತು. ನಾನು ಮಣೆ ಬಿಸಾಡಿ ಎದ್ದು ನಿಂತೆ.

"ಎಂತ ಅದು? ಯಂಗೆ ಎಂತ ಹಾಕ್ತಾ ಇದ್ರಿ ನಿಂಗ?"

ನನ್ನ ದನಿ ನನಗೇ ಹೆದರಿಕೆ ಹುಟ್ಟಿಸುವಂತಿತ್ತು. ಅಕ್ಕನ ಮುಖ ಬಿಳಿಚಿತು. ಒರಳಿನ ಸದ್ದು ನಿಂತಿತು. "ಲಲಿತಕ್ಕಾ, ಕೈ ತೋರ್ಸು" ಎಂದೆ. ಲಲಿತಕ್ಕ ಬಾಯಿ ಬಿಡಲಿಲ್ಲ. ಬಿಡುವಂತಿರಲಿಲ್ಲ. ಅವಳ ಎರಡೂ ಕೆನ್ನೆ ಉಬ್ಬಿಕೊಂಡಿದ್ದವು, ಕಣ್ಣು ಪಿಳಿಪಿಳಿ ಬಿಡುತ್ತಿದ್ದಳು. ಮೆಲ್ಲಗೆ ಸೆರಗಿನಿಂದ ಮುಷ್ಟಿ ಹೊರಗೆ ತಂದು ಬಿಚ್ಚಿದಳು. ಅಂಗೈಯಲ್ಲಿ ಅರ್ಧ ಕಚ್ಚಿದ ಹಪ್ಪಳದ ಹಿಟ್ಟಿನ ಉಂಡೆ. ಹಲ್ಲಿನ ಗುರುತು ಹಾಗೇ ಇತ್ತು, ಗುಳಿಯಲ್ಲಿ ಕೊಬ್ಬರಿ ಎಣ್ಣೆ ಮಿನುಗುತ್ತಿತ್ತು.

ಹಪ್ಪಳದ ಹಿಟ್ಟನ್ನು ಹಸಿಯಾಗಿಯೇ ಕೊಬ್ಬರಿ ಎಣ್ಣೆ ಹಾಕಿಕೊಂಡು ತಿನ್ನುವ ರುಚಿ ತಿಂದವರಿಗೇ ಗೊತ್ತು. ಹೊಟ್ಟೆಗೆ ಆಗಿಬರುವುದಿಲ್ಲ ಎಂದು ಅತ್ತೆ ಯಾರಿಗೂ ಮುಟ್ಟಲು ಬಿಡುತ್ತಿರಲಿಲ್ಲ. ಹಾಗಾಗಿ ಮೂವತ್ತು ದಾಟಿದ, ಮಕ್ಕಳೊಂದಿಗರಾದ ನಾಲ್ಕು ಹೆಂಗಸರು ದಿನಾ ಕದ್ದು ತಿನ್ನುತ್ತಿದ್ದರು. ಸಂಚು ನಿಜವೇ ಆಗಿತ್ತು. ಗುರಿ ಮಾತ್ರ ನಾನಾಗಿರಲಿಲ್ಲ.

"ಲಲಿತಾ!" ಎಂದು ಅತ್ತೆ ಸೊಂಟದ ಮೇಲೆ ಕೈಯಿಟ್ಟರು. "ಹೊಟ್ಟೆ ನೋವು ಬಂತು ಹೇಳಿ ಯನ್ನ ಹತ್ರ ಕಷಾಯ ಕೇಳಡ!"

ಲಲಿತಕ್ಕ ನುಂಗಲೂ ಆಗದೆ ಉಗುಳಲೂ ಆಗದೆ ಮೂಗಿನಿಂದ ನಕ್ಕಳು. ಅವಳನ್ನು ನೋಡಿ ಮೂಲೆಯವರು ನಕ್ಕರು. ನಾನು ನಡುವೆ ಕಂಬದಂತೆ ನಿಂತಿದ್ದೆ. ಆ ನಗು ಯಾರ ಮೇಲೆ ಎಂದು ಹುಡುಕುತ್ತಿದ್ದೆ. ಆಗ ಲಲಿತಕ್ಕ ಅಂತೂ ನುಂಗಿ, ಹೊಸದೊಂದು ಉಂಡೆ ತೆಗೆದು, ಹೆಬ್ಬೆರಳಿನಿಂದ ಗುಳಿ ಮಾಡಿ, ಎಣ್ಣೆ ಬಿಟ್ಟು, ಅತ್ತೆಯ ಕಣ್ಣೆದುರೇ ನನ್ನ ಕೈಯಲ್ಲಿ ಇಟ್ಟಳು.

"ತಗ, ತಿನ್ನು. ಇಷ್ಟು ದಿನ ನಿಂಗೆ ಕೊಡದಿದ್ದದ್ದೇ ತಪ್ಪು. ಇನ್ನು ಮೇಲೆ ನೀನೂ ಕಳ್ಳನೇ."

ತಿಂದೆ. ಬಿಸಿ, ಖಾರ, ಎಣ್ಣೆಯ ಘಮ. ಎರಡು ತಿಂಗಳಿನಿಂದ ಮಣ್ಣಿನಂತಿದ್ದ ನಾಲಿಗೆಗೆ ರುಚಿ ಎಂಬುದು ಬಂತು, ಅದರ ಜೊತೆ ಅಳುವೂ ಬಂತು. ಅಕ್ಕ ಹಿಟ್ಟಿನ ಕೈಯಲ್ಲೇ ನನ್ನ ತಲೆ ನೇವರಿಸಿದಳು. ಬೆಳಿಗ್ಗೆ ಗುಳಿಗೆ ಉಗುಳಿದ್ದನ್ನು ಅವಳಿಗೆ ಹೇಳಿಬಿಟ್ಟೆ. ಅವಳು ಬೈಯಲಿಲ್ಲ. ಒಳಗಿನಿಂದ ಗುಳಿಗೆ ತಂದು ಅಂಗೈ ಮೇಲಿಟ್ಟು, "ನಿನ್ನ ಗುಳಿಗೆ ನಿನ್ನ ಕೈಲೇ ಕೊಡ್ತೆ. ಕದ್ದು ಯಾವತ್ತೂ ಹಾಕ್ತಿಲ್ಲೆ. ಮತ್ತೆ, ಗೊತ್ತಾಗದಿದ್ರೆ ಕೇಳು ತಮಾ. ಇವತ್ತು ಕೇಳಿದ್ಯಲಾ, ಹಾಂಗೆ" ಎಂದಳು.

ನಾನು ಕೇಳಿದ್ದು ಕೇಳುವ ರೀತಿಯಾಗಿತ್ತೇ? ಕೂಗಾಡಿದ್ದೆ. ಅಕ್ಕ ಅದನ್ನು ಕೇಳಿದ್ದು ಎಂದು ತಿಳಿದುಕೊಂಡಳು. ಆ ದೊಡ್ಡತನಕ್ಕೆ ನಾನು ಇವತ್ತಿಗೂ ತಲೆಬಾಗುತ್ತೇನೆ.

ಮರುದಿನದಿಂದ ಕೇಳತೊಡಗಿದೆ. "ಲಲಿತಕ್ಕಾ, ಈಗ ಎಂತಕ್ಕೆ ಬಾಗಿಲ ಕಡೆ ನೋಡ್ದೆ?" "ಯಮ್ಮನೆ ದನ ಬಂತೋ ನೋಡ್ದೆ ಮಾರಾಯಾ." "ಅಕ್ಕಾ, ಎಂತಕ್ಕೆ ನಿಟ್ಟುಸಿರು ಬಿಟ್ಟೆ?" "ಕಾಲು ಜೋಮು ಹಿಡತ್ತು." ಎರಡು ದಿನ ಕೇಳಿಸಿಕೊಂಡ ಲಲಿತಕ್ಕ ಮೂರನೇ ದಿನ ತಾನು ಮಾಡುವುದನ್ನೆಲ್ಲ ತಾನೇ ಸಾರಲು ಶುರು ಮಾಡಿದಳು. ಆಕಾಶವಾಣಿಯ ವಾರ್ತೆ ಓದುವವರ ಗತ್ತಿನಲ್ಲಿ, "ಆನು ಈಗ ಮೂಗು ಕೆರ್ಕತ್ತೆ. ಇದಕ್ಕೆ ಎಂತ ಅರ್ಥವೂ ಇಲ್ಲೆ" ಎನ್ನುವಳು. "ಆನು ಈಗ ಅತ್ತೆ ಕಡೆ ನೋಡ್ತೆ. ಇದಕ್ಕೆ ಮಾತ್ರ ಅರ್ಥ ಇದ್ದು" ಎಂದು ಉಂಡೆಗೆ ಕೈ ಹಾಕುವಳು. ನನ್ನ ಕಾಯಿಲೆಯನ್ನು ಹೀಗೆ ಎದುರಿಟ್ಟುಕೊಂಡು ತಮಾಷೆ ಮಾಡಿದವಳು ಅವಳೊಬ್ಬಳೇ. ಉಳಿದವರು ಮರುಕಪಟ್ಟು ದನಿ ತಗ್ಗಿಸುತ್ತಿದ್ದರು. ತಗ್ಗಿದ ದನಿಯಷ್ಟು ಹೆದರಿಕೆ ಹುಟ್ಟಿಸುವುದು ನನ್ನಂಥವನಿಗೆ ಬೇರೊಂದಿಲ್ಲ.

ಹಿಟ್ಟಿನ ಉಂಡೆಯಿಂದ ಕಾಯಿಲೆ ವಾಸಿಯಾಯಿತು ಎಂದು ಯಾರೂ ತಿಳಿಯಬೇಡಿ. ಗುಳಿಗೆ ನನ್ನ ತಲೆಯೊಳಗಿನ ಗದ್ದಲ ನಿಲ್ಲಿಸಿತು, ಇವತ್ತಿಗೂ ನುಂಗುತ್ತೇನೆ. ಆದರೆ ಗದ್ದಲ ನಿಂತ ಮೇಲೆ ಮನುಷ್ಯರ ಕೈಯನ್ನು ಮತ್ತೆ ಅಕ್ಷರ ಕಲಿತಂತೆ ಒಂದೊಂದಾಗಿ ಓದಿಸಿದವರು ಆ ಹೆಂಗಸರು.

ಮೇ ತಿಂಗಳ ಕೊನೆಯ ವಾರ. ಅಂಗಳದಲ್ಲಿ ಎಂಟು ಚಾಪೆ ತುಂಬ ಹಪ್ಪಳ. ಮೂರು ಗಂಟೆಯ ಹೊತ್ತಿಗೆ ಬಿಸಿಲು ಒಮ್ಮೆಲೇ ಕಂದಿತು, ಗಾಳಿ ಎದ್ದಿತು, ದಪ್ಪ ಹನಿಯೊಂದು ನನ್ನ ಮೂಗಿನ ಮೇಲೆ ಬಿತ್ತು. ಅಕ್ಕ, ಲಲಿತಕ್ಕ ಇಬ್ಬರೂ ಸ್ನಾನಕ್ಕೆಂದು ಹೋಗಿದ್ದರು. ಅಂಗಳದಲ್ಲಿ ಇದ್ದದ್ದು ನಾನು ಮತ್ತು ಅತ್ತೆ. ಹಸಿ ಹಪ್ಪಳದ ಚಾಪೆಯನ್ನು ಒಬ್ಬರೇ ಎತ್ತಲಾಗದು. ಇಬ್ಬರು ಎರಡು ತುದಿ ಹಿಡಿದು, ಒಟ್ಟಿಗೇ ಏಳಬೇಕು, ಒಟ್ಟಿಗೇ ನಡೆಯಬೇಕು. ಒಬ್ಬರು ಅರೆಗಳಿಗೆ ಮುಂಚೆ ಎಳೆದರೂ ಹಪ್ಪಳವೆಲ್ಲ ಜಾರಿ ಮುದ್ದೆ. ಅತ್ತೆ ಒಂದು ತುದಿಗೆ ಬಗ್ಗಿದರು, ನನ್ನ ಕಡೆ ನೋಡಿದರು. ನಾನು ಇನ್ನೊಂದು ತುದಿಯಲ್ಲಿದ್ದೆ. ಅವರ ಭುಜ ಎದ್ದಿತು, ನನ್ನದೂ ಎದ್ದಿತು. ಅವರು ಹಿಮ್ಮುಖ ನಡೆದರು, ನಾನು ಮುಮ್ಮುಖ. ಮೆಟ್ಟಿಲು ಬಂದಾಗ ಅವರ ಗದ್ದ ಸ್ವಲ್ಪ ಮೇಲಾಯಿತು, ನಾನು ಕೈ ಎತ್ತರಿಸಿದೆ. ಎಂಟು ಚಾಪೆ, ಒಂದು ಮಾತಿಲ್ಲ. ಕೊನೆಯದನ್ನು ಜಗಲಿಯ ಮೇಲಿಟ್ಟ ಮೇಲೆಯೇ ಮಳೆ ಜೋರಾಗಿ ಸುರಿಯಿತು.

ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಅಡ್ಡಿಲ್ಲೆ. ಶಾಲಿಗೆ ಹೋಗ್ಲಕ್ಕು" ಎಂದರು. ಹುಬ್ಬಳ್ಳಿಯ ಡಾಕ್ಟರು ಬರೆದುಕೊಟ್ಟ ಸರ್ಟಿಫಿಕೇಟಿಗಿಂತ ನನಗೆ ಹೋಗಬಹುದು ಎಂಬ ಆ ಮಾತಿನ ಮೇಲೆ ಹೆಚ್ಚು ಭರವಸೆ. ಕಿಸೆಯ ಕಾಗದ ಆ ಸಂಜೆ ಬಚ್ಚಲ ಒಲೆಗೆ ಹೋಯಿತು. ಹೊರಡುವ ದಿನ ಬಾಳೆಲೆಯ ಕಟ್ಟೊಂದನ್ನು ಅತ್ತೆ ನನ್ನ ಚೀಲಕ್ಕೆ ತುರುಕಿದರು. ಬಸ್ಸಿನಲ್ಲಿ ಬಿಚ್ಚಿ ನೋಡಿದರೆ ಹಪ್ಪಳದ ಹಿಟ್ಟಿನ ಎರಡು ದೊಡ್ಡ ಉಂಡೆ, ಎಣ್ಣೆಯ ಸಮೇತ.

ಶಾಲೆಯ ಬಾಗಿಲಲ್ಲೇ ಮುಖ್ಯ ಮಾಸ್ತರು, "ಬರ್ರಿ, ಬರ್ರಿ" ಎಂದರು. ಸುಮಿತ್ರಾಳ ತಾಯಿಯೂ ಅಲ್ಲಿದ್ದಳು. ನಾನು ಕೈಮುಗಿದು, "ಆವತ್ತು ನಂಗೆ ಹುಷಾರಿರಲಿಲ್ಲ ತಾಯಿ. ತಪ್ಪಾಯ್ತು" ಎಂದೆ. ಅವಳು ಸಿಟ್ಟು ಮಾಡಲಿಲ್ಲ. "ಅದಲ್ರೀ ಸರ, ಆವತ್ತಿನಿಂದ ಅವಳು ಸಾಲಿಯೊಳಗ ನೀರೇ ಕುಡಿಯೂದಿಲ್ರೀ. ಮುಂಜಾನೆ ಬಂದಾಕಿ ಮನಿಗೆ ಬರೂತನಕ ಹಂಗೇ ಇರತಾಳ್ರೀ" ಎಂದಳು. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ಸುಮಿತ್ರಾ ಈಗ ಮೂರನೇ ಇಯತ್ತೆ, ಅದೇ ಹಿಂದಿನ ಸಾಲು. ನನ್ನನ್ನು ನೋಡುತ್ತಿರಲಿಲ್ಲ. ನನಗೆ ಗೊತ್ತಿದ್ದದ್ದು ಒಂದೇ ವಿದ್ಯೆ, ಲಲಿತಕ್ಕನದು. "ನಾನು ಈಗ ಹುಬ್ಬು ಗಂಟು ಹಾಕ್ತೇನೆ. ಸಿಟ್ಟಲ್ಲ, ಹಲಗೆ ಸರಿ ಕಾಣ್ತಿಲ್ಲ" ಎಂದೆ. "ಈಗ ಗಂಟಲು ಕೆರೀತೇನೆ. ಇದಕ್ಕೆ ಅರ್ಥ ಇಲ್ಲ." ಮಕ್ಕಳು ಮೊದಲು ಬೆಪ್ಪಾಗಿ ನೋಡಿದರು, ಆಮೇಲೆ ನಕ್ಕರು, ಆಮೇಲೆ ಅವರೂ ಶುರು ಮಾಡಿದರು. ಸುಮಿತ್ರಾ ನಗಲಿಲ್ಲ. ನೀರಿನ ಕೊಡ ಮೂಲೆಯಲ್ಲೇ ಇತ್ತು, ಅವಳು ಅದರ ಕಡೆ ಹಾಯುತ್ತಲೂ ಇರಲಿಲ್ಲ. ಹೀಗೆ ಮೂರು ವಾರ ಕಳೆಯಿತು.

ಒಂದು ಮಧ್ಯಾಹ್ನ ಹೊತ್ತಿಲ್ಲದ ಹೊತ್ತಿನಲ್ಲಿ ಮಳೆ ಹೊಳವಾಗಿ ಬಿಸಿಲು ಬಿತ್ತು. ನಾನು ಭಾಗಾಕಾರ ಬರೆದು ತಿರುಗಿದೆ. ಹಿಂದಿನ ಸಾಲಿನಲ್ಲಿ ಒಂದು ಕಿರುಬೆರಳು, ಗದ್ದದ ಮಟ್ಟಕ್ಕೆ ಮಾತ್ರ, ಬೇಕಾದರೆ ಇಳಿಸಿಬಿಡುತ್ತೇನೆ ಎನ್ನುವಂತೆ ಎದ್ದಿತ್ತು. ಸುಮಿತ್ರಾ. ನಾನು ಬಾಯಿ ತೆರೆಯುವಷ್ಟರಲ್ಲಿ ಕಿಟಕಿ ಪಕ್ಕದವನ ಬೆರಳೆದ್ದಿತು, ಮುಂದಿನ ಸಾಲಿನಲ್ಲಿ ಇನ್ನೆರಡು. ಫೆಬ್ರವರಿಯಲ್ಲಿ ಕಂಡದ್ದೇ, ಬೆರಳಿಗೆ ಬೆರಳು. ಎದೆ ಒಮ್ಮೆ ಧಸಕ್ಕೆಂದಿತು, ಸುಳ್ಳು ಹೇಳುವುದಿಲ್ಲ. ಈ ಸಲ ಬೆರಳು ಬಿಟ್ಟು ಮುಖ ನೋಡಿದೆ. ಕಿಟಕಿಯವನ ಕೆನ್ನೆ ನಗು ತಡೆದು ಉಬ್ಬಿತ್ತು, ಥೇಟ್ ಲಲಿತಕ್ಕ. ಮುಂದಿನ ಸಾಲಿನವರ ಕಣ್ಣು ಹೊರಗೆ ಅಂಗಳದಲ್ಲಿ ನಿಂತ ನೀರಿನ ಮೇಲೆ. ಒಬ್ಬಳಿಗೆ ನಿಜವಾಗಿ ಅವಸರ, ಉಳಿದವರಿಗೆ ಆ ನೀರಲ್ಲಿ ಕುಣಿಯುವ ಆತುರ. ಸಂಚೇ ಅದು, ಅನುಮಾನವಿಲ್ಲ.

"ಹೋಗಿ ಬನ್ನಿ, ಎಲ್ಲರೂ" ಎಂದೆ.

ಎಲ್ಲರಿಗಿಂತ ಮೊದಲು ಓಡಿದ್ದು ಸುಮಿತ್ರಾ. ಬಂದವಳು ಜಾಗಕ್ಕೆ ಹೋಗಲಿಲ್ಲ. ಕೆಸರುಗಾಲಲ್ಲೇ ಮೂಲೆಗೆ ಹೋಗಿ, ಕೊಡದಿಂದ ಒಂದು ಲೋಟ ನೀರು ಬಗ್ಗಿಸಿಕೊಂಡು, ನನ್ನ ಕಡೆ ನೋಡುತ್ತ ಗಟಗಟ ಕುಡಿದಳು.